ಯಾರು ಹೊರುವುದು?

ಜೀನಸಿನ ಅಂಗಡಿಯವರು ಬರೆದು ಕೊಡುವ ಚೀಟಿಯಲ್ಲಿ ಎಲ್ಲ ಲೆಕ್ಕವೂ ಇರುತ್ತದೆ. ಸಕ್ಕರೆ ಎಷ್ಟು, ತೊಗರಿಬೇಳೆ ಎಷ್ಟು, ಒಣಮೆಣಸು ಎಷ್ಟು, ಹಿಂದಿನ ಬಾಕಿ ಎಷ್ಟು, ಕೊನೆಗೆ ಒಟ್ಟು ಎಷ್ಟು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಇಲ್ಲದಿರುವುದು ಒಂದೇ ಲೆಕ್ಕ. ಇವೆಲ್ಲವನ್ನೂ ಅಂಗಡಿಯ ಮೆಟ್ಟಿಲಿನಿಂದ ಮನೆಯ ಜಗಲಿಯವರೆಗೆ ಯಾರು ಒಯ್ಯಬೇಕು, ಯಾವುದರಲ್ಲಿ ಒಯ್ಯಬೇಕು, ಎಷ್ಟು ಸಲ ಇಳಿಸಿ ಎಷ್ಟು ಸಲ ಎತ್ತಿಕೊಳ್ಳಬೇಕು ಎಂಬುದನ್ನು ಯಾವ ಚೀಟಿಯೂ ಹೇಳುವುದಿಲ್ಲ. ಕೊಳ್ಳುವ ಕೆಲಸ ಹಣ ಎಣಿಸಿ ಕೊಟ್ಟಲ್ಲಿಗೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅಲ್ಲಿಂದಾಚೆಗೆ ಅದರ ಅರ್ಧ ಉಳಿದಿರುತ್ತದೆ. ಆ ಉಳಿದ ಅರ್ಧದ ಬಗೆಗೆ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಕಡೆಯ ಊರುಗಳ ಹೆಸರುಗಳಲ್ಲೇ ಅಂಗಡಿ ಸೇರಿಕೊಂಡಿದೆ. ಬೆಳ್ತಂಗಡಿ, ಉಪ್ಪಿನಂಗಡಿ, ಹಳೆಯಂಗಡಿ, ಹೊಸಂಗಡಿ ಎಂದು ಎಣಿಸುತ್ತ ಹೋಗಬಹುದು. ಕರಾವಳಿಯ ಉಪ್ಪು ಘಟ್ಟ ಹತ್ತುವುದಕ್ಕೂ ಘಟ್ಟದ ಮೇಲಿನ ಸರಕು ಕಡಲಿಗೆ ಇಳಿಯುವುದಕ್ಕೂ ಇದೇ ಸೀಮೆ ದಾರಿಯಾಗಿತ್ತು. ನೇತ್ರಾವತಿಯಲ್ಲಿ ಬಂಟ್ವಾಳದವರೆಗೆ ದೋಣಿ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಬೆನ್ನು, ಆಮೇಲಿನ ಕಾಲದಲ್ಲಿ ಎತ್ತಿನ ಗಾಡಿ. ಬಂಟ್ವಾಳದಿಂದ ಬೆಳ್ತಂಗಡಿಗೂ ಅಲ್ಲಿಂದ ಚಾರ್ಮಾಡಿ ಘಟ್ಟಕ್ಕೂ ಹೋಗುವ ಆ ಹೆದ್ದಾರಿಯ ಮೇಲೆಯೇ ನಮ್ಮ ಮಡಂತ್ಯಾರು ಇದೆ. ಇಗರ್ಜಿ, ಕಾಲೇಜು, ಬಸ್ಸು ನಿಲ್ಲುವ ಜಾಗ, ರಸ್ತೆಯ ಎರಡು ಬದಿಗೆ ಅಂಗಡಿಗಳು. ಭಾನುವಾರ ಪೂಜೆ ಮುಗಿಸಿ ಬರುವ ಕ್ರೈಸ್ತ ಕುಟುಂಬಗಳು, ಅಡಿಕೆ ಮಾರಲು ಬಂದ ಕೃಷಿಕರು, ಬೀಡಿ ಕಟ್ಟಿ ತಂದ ಹೆಂಗಸರು, ಬ್ಯಾರಿ ವ್ಯಾಪಾರಿಗಳು, ಹೀಗೆ ಹಲವು ಮಾತಿನ ಜನ ಅಲ್ಲಿ ಕಲೆಯುತ್ತಾರೆ. ವ್ಯವಹಾರವೆಲ್ಲ ತುಳುವಿನಲ್ಲಿ ನಡೆಯುತ್ತದೆ.

ಊರು ರಸ್ತೆಯ ಮೇಲಿದೆ. ಮನೆಗಳು ರಸ್ತೆಯ ಮೇಲಿಲ್ಲ. ಬಯಲುಸೀಮೆಯವರು ನಮ್ಮಲ್ಲಿಗೆ ಬಂದಾಗ ಮೊದಲು ಕೇಳುವ ಪ್ರಶ್ನೆಯೇ ಇದು: “ನಿಮ್ಮ ಹಳ್ಳಿ ಎಲ್ಲಿ?” ಅವರ ಕಡೆ ಮನೆಗೆ ಮನೆ ತಾಗಿ ನಿಂತಿರುತ್ತದೆ, ಅಂಗಡಿ ಬೀದಿಯ ಕೊನೆಯಲ್ಲಿರುತ್ತದೆ. ತುಳುನಾಡಿನಲ್ಲಿ ಒಂದು ಮನೆ ಗುಡ್ಡದ ಬುಡದಲ್ಲಿ, ಇನ್ನೊಂದು ತೋಟದ ಆಚೆ, ಮತ್ತೊಂದು ಬೈಲಿನ ಕೊನೆಯಲ್ಲಿ. ಅಂಗಡಿಯಿಂದ ಹೊರಟವರು ಗದ್ದೆಯ ಹುಣಿಯ ಮೇಲೆ ನಡೆಯಬೇಕು, ತೋಡಿಗೆ ಹಾಕಿದ ಕಾಲುಸಂಕ ದಾಟಬೇಕು, ಬೇಲಿಯ ತಡಮೆ ಹತ್ತಿ ಇಳಿಯಬೇಕು. ಮೇಲಿನಿಂದ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆ. ಒಂದು ಕೈಯಲ್ಲಿ ಕೊಡೆ ಹಿಡಿದರೆ ಸಾಮಾನಿಗೆ ಉಳಿಯುವುದು ಒಂದೇ ಕೈ. ಕಾಲುಸಂಕದ ಮೇಲೆ ಆ ಕೈಯೂ ಹಿಡಿಗಂಬಕ್ಕೆ ಬೇಕು. ಆದ್ದರಿಂದ ನಮ್ಮಲ್ಲಿ ಹೊರೆ ತಲೆಯ ಮೇಲೆ ಏರಿದ್ದು ಅಭ್ಯಾಸದ ಬಲದಿಂದಲ್ಲ, ದಾರಿಯ ಒತ್ತಾಯದಿಂದ.

ಇಂಥ ದಾರಿಗೆ ತಕ್ಕಂತೆ ಅಂಗಡಿಯ ಕಟ್ಟುವಿಕೆಯೂ ಇತ್ತು. ನನ್ನ ಬಾಲ್ಯದ ಅಂಗಡಿಗಳಲ್ಲಿ ಮಾಡಿನಿಂದ ಒಂದು ನೂಲಿನ ಉಂಡೆ ತೂಗುತ್ತಿತ್ತು. ಅಂಗಡಿಯವರು ಹಳೆಯ ಪತ್ರಿಕೆಯ ಹಾಳೆಯನ್ನು ಒಂದೇ ತಿರುವಿನಲ್ಲಿ ಆಲಿಕೆಯಂತೆ ಸುತ್ತಿ, ಬೇಳೆಯನ್ನು ಸುರಿದು, ಬಾಯಿಯನ್ನು ಮಡಚಿ, ನೂಲನ್ನು ನಾಲ್ಕು ಸುತ್ತು ಹಾಕಿ ಫಕ್ಕನೆ ತುಂಡರಿಸುತ್ತಿದ್ದರು. ಬೆಲ್ಲಕ್ಕೆ ಎಲೆ, ಮೀನಿಗೆ ಸಾಗುವಾನಿ ಎಲೆ, ಕಟ್ಟುವುದಕ್ಕೆ ಬಾಳೆಯ ನಾರು. ಚಿಮಿಣಿ ಎಣ್ಣೆಯ ಬಾಟ್ಲಿಯ ಕೊರಳಿಗೆ ಹುರಿ ಕಟ್ಟಿ ಬೆರಳಿಗೆ ಸಿಕ್ಕಿಸಿಕೊಳ್ಳುವಂತೆ ಮಾಡುತ್ತಿದ್ದರು; ಅದು ಎಂದೂ ಅಕ್ಕಿಯ ಜೊತೆಗೆ ಚೀಲದೊಳಗೆ ಹೋಗುತ್ತಿರಲಿಲ್ಲ. ಚೀಲ ತುಂಬುವುದಕ್ಕೂ ಒಂದು ಕ್ರಮವಿತ್ತು. ಅಡಿಗೆ ಅಕ್ಕಿ, ಅದರ ಮೇಲೆ ಬೆಲ್ಲ, ಬೇಳೆ, ಬದಿಗೆ ಸಾಬೂನು, ಎಲ್ಲಕ್ಕಿಂತ ಮೇಲೆ ಒಣಮೆಣಸು. ಉಪ್ಪು ಬೇರೆ, ಮಳೆಗಾಲದಲ್ಲಿ ಅದು ನೀರಾಗಿ ಇಳಿದು ಉಳಿದುದನ್ನೆಲ್ಲ ಕೆಡಿಸುತ್ತಿತ್ತು. ಮನೆಗೆ ಮುಟ್ಟಿದ ಕೂಡಲೇ ಅದು ಮರದ ಮರಿಗೆಯನ್ನು ಸೇರಬೇಕು.

ಕಟ್ಟುವ ಮೊದಲು ಅಂಗಡಿಯವರು ಒಂದು ಪ್ರಶ್ನೆ ಕೇಳುತ್ತಿದ್ದರು: “ಏರ್ ತುಂಬುನಿ?” ಯಾರು ಹೊರುವುದು ಎಂದು ಅದರ ಅರ್ಥ. ಕೇಳುವುದಕ್ಕೆ ಸಾಮಾನ್ಯವಾದ ಮಾತು. ಆದರೆ ಇಡೀ ಕಟ್ಟುವಿಕೆ ಅದರ ಉತ್ತರವನ್ನು ಅವಲಂಬಿಸಿರುತ್ತಿತ್ತು. ಶಾಲೆಯಿಂದ ಮರಳುವ ಹುಡುಗನಾದರೆ ಎರಡು ಸಣ್ಣ ಕಟ್ಟು, ಎರಡು ಕೈಗೂ ಸಮ. ಹೆಂಗಸಾದರೆ ತಲೆಯ ಮೇಲೆ ಕೂರುವಂತೆ ಚಪ್ಪಟೆಯಾಗಿ ಕಟ್ಟಿದ ಗಂಟು, ಅದರಡಿಗೆ ಸಿಂಬೆ. ಮುದುಕರಾದರೆ, “ಇವತ್ತು ಅರ್ಧ ಒಯ್ಯಿರಿ, ಉಳಿದದ್ದು ನಾಳೆ ಆ ಕಡೆ ಬರುವವರ ಹತ್ತಿರ ಕಳಿಸುತ್ತೇನೆ” ಎಂಬ ಮಾತು. ಮಾರುವವರು ಹೊರುವವರ ಮೈಯನ್ನು ಒಂದು ಗಳಿಗೆ ಮನಸ್ಸಿನಲ್ಲಿ ತಂದುಕೊಂಡು ಕಟ್ಟುತ್ತಿದ್ದರು. ಅದಕ್ಕೆ ಬೇರೆ ದರವಿರಲಿಲ್ಲ.

ಇಷ್ಟು ಹೇಳಿದಾಕ್ಷಣ ಹಿಂದಿನ ಕಾಲ ಸುವರ್ಣಯುಗವಾಗಿತ್ತೆಂದು ಯಾರೂ ತಿಳಿಯಬಾರದು. ಪತ್ರಿಕೆಯ ಮಸಿ ಆಹಾರಕ್ಕೆ ಅಂಟುತ್ತಿತ್ತು; 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು ಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು ನಿಷೇಧಿಸಿದ್ದು ಸರಿಯಾದುದೇ. ತೂಕದಲ್ಲಿ ಮೋಸವಿತ್ತು, ಬೇಳೆಯಲ್ಲಿ ಕಲ್ಲಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, “ಯಾರು ಹೊರುವುದು” ಎಂಬ ಪ್ರಶ್ನೆಗೆ ಸಮಾಜ ಮೊದಲೇ ಒಂದು ಉತ್ತರ ಬರೆದಿಟ್ಟಿತ್ತು. ಧಣಿಗಳು ಕೊಡೆ ಹಿಡಿದು ಬರಿಗೈಯಲ್ಲಿ ಮುಂದೆ ನಡೆಯುತ್ತಿದ್ದರು. ತಲೆಗೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡ ಆಳು ಹೊರೆ ಹೊತ್ತು ಹಿಂದೆ ಬರುತ್ತಿದ್ದ. ಅವನ ಮನೆಯಲ್ಲಿ ಹೊರುವ ಸರದಿ ಅವನ ಹೆಂಡತಿಯದು. ಹೊರೆ ಯಾವಾಗಲೂ ಮೇಲಿನವರ ಕೈಯಿಂದ ಕೆಳಗಿನವರ ತಲೆಗೆ ಇಳಿಯುತ್ತಿತ್ತು.

ಈ ಮಾತಿಗೆ ಅಕ್ಕಿಯ ಮುಡಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಬೈಹುಲ್ಲನ್ನು ಹರಡಿ, ನಲವತ್ತೆರಡು ಸೇರು ಅಕ್ಕಿಯನ್ನು ಅದರೊಳಗೆ ತುಂಬಿ, ಹುಲ್ಲಿನಿಂದಲೇ ಹೊಸೆದ ಹಗ್ಗದಲ್ಲಿ ಬಿಗಿದು, ಮರದ ಕೊಡತಿಯಿಂದ ಬಡಿದು ಗುಂಡಗೆ ಮಾಡಿದ ಆ ಕಟ್ಟು ತುಳುನಾಡಿನ ಕೈಕೆಲಸದ ಒಂದು ಅದ್ಭುತ. ಒಳಗಿನ ಅಕ್ಕಿಗೆ ತೇವ ತಾಗದು, ಹುಳ ಬೀಳದು. ಅಟ್ಟದ ಮೇಲೆ ಹೊಗೆಯಲ್ಲಿ ತಿಂಗಳುಗಟ್ಟಲೆ ಇದ್ದೀತು. ಆದರೆ ಆ ಮುಡಿಯನ್ನು ಕಟ್ಟಿದವರ ಮನೆಯ ಅಟ್ಟದಲ್ಲಿ ಅದು ಉಳಿಯುತ್ತಿದ್ದುದು ಅಪರೂಪ. ಮೂಲಗೇಣಿಯಾಗಲಿ ಚಾಲಗೇಣಿಯಾಗಲಿ, ಗೇಣಿಯನ್ನು ಮುಡಿಯ ಲೆಕ್ಕದಲ್ಲಿ ಅಳೆಯಬೇಕಾಗಿತ್ತು. ಒಕ್ಕಲು ತಾನು ಬೆಳೆದ ಅಕ್ಕಿಯನ್ನು ತಾನೇ ಕಟ್ಟಿ, ತಾನೇ ತಲೆಯ ಮೇಲೆ ಹೊತ್ತು, ಧಣಿಗಳ ಅಂಗಳದಲ್ಲಿ ಇಳಿಸಿ, ಬರಿತಲೆಯಲ್ಲಿ ಮನೆಗೆ ಮರಳುತ್ತಿದ್ದ. ಆ ದಿನಗಳಲ್ಲಿ ದೊಡ್ಡ ಹೊರೆಗಳೆಲ್ಲ ಮನೆಯಿಂದ ಹೊರಗೆ ಹೋಗುತ್ತಿದ್ದುವು. ಅಂಗಡಿಯಿಂದ ಒಳಗೆ ಬರುತ್ತಿದ್ದುದು ಉಪ್ಪು, ಒಣಮೀನು, ಚಿಮಿಣಿ ಎಣ್ಣೆ, ಒಂದಿಷ್ಟು ಬೆಲ್ಲ, ಇಷ್ಟೇ.

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಈ ಹೊರೆಯ ದಿಕ್ಕನ್ನು ತಿರುಗಿಸಿತು. ದೇವರಾಜ ಅರಸರ ಸರ್ಕಾರದ ಆ ಕಾನೂನಿನಿಂದ ಗೇಣಿ ನಿಂತಿತು. ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿದ ಒಕ್ಕಲುಗಳು ಭೂಮಿಯ ಒಡೆಯರಾದರು. ದಕ್ಷಿಣ ಕನ್ನಡದಲ್ಲಿ ಅದರಿಂದಾದ ಬದಲಾವಣೆಯನ್ನು ಪಂಡಿತರು ಎಕರೆಗಳಲ್ಲಿ ಅಳೆದಿದ್ದಾರೆ. ನನ್ನ ದೃಷ್ಟಿಗೆ ಅದು ತಲೆಗಳಲ್ಲಿಯೂ ಅಳೆಯಬೇಕಾದ ಸಂಗತಿ. ಧಣಿಗಳ ಅಂಗಳಕ್ಕೆ ಹೋಗುತ್ತಿದ್ದ ಮುಡಿ ನಿಂತಿತು. ಕೆಲವು ವರ್ಷ ಅದು ಸ್ವಂತ ಅಟ್ಟವನ್ನೇರಿತು. ಆ ಬಳಿಕ ಗದ್ದೆಗಳು ಒಂದೊಂದಾಗಿ ಅಡಿಕೆಯ ತೋಟವಾದುವು. ಬೇಸಾಯಕ್ಕೆ ಆಳು ಸಿಗದಾಯಿತು, ಮಕ್ಕಳು ಮುಂಬಯಿಗೋ ಕೊಲ್ಲಿ ನಾಡಿಗೋ ಹೋದರು. ಮುಡಿ ಕಟ್ಟುವ ಕೈಗಳು ಮುಡಿ ಕಟ್ಟುವುದನ್ನು ಮರೆತುವು. ಅಕ್ಕಿಯನ್ನು ಬೆಳೆದು ಹೊರಗೆ ಹೊರುತ್ತಿದ್ದ ಮನೆ, ಅಕ್ಕಿಯನ್ನು ಕೊಂಡು ಒಳಗೆ ಹೊರುವ ಮನೆಯಾಯಿತು. 2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ರೇಶನ್ ಅಂಗಡಿಯ ಚೀಲವೂ ಆ ದಾರಿಗೆ ಸೇರಿತು. ಹಿಂದೆ ಮುಡಿ ಇಳಿದು ಹೋದ ಅದೇ ಹುಣಿಯ ಮೇಲೆ ಈಗ ಅಕ್ಕಿ ಏರಿ ಬರುತ್ತದೆ. ಇದು ಸೋಲೆಂದು ನಾನು ಹೇಳಲಾರೆ. ತನ್ನ ಉಣಿಸಿಗಾಗಿ ತಾನು ಹೊರುವುದು, ಇನ್ನೊಬ್ಬರ ಕಣಜಕ್ಕಾಗಿ ಹೊರುವುದಕ್ಕಿಂತ ಎಷ್ಟೋ ಮೇಲು.

ಆದರೆ ದಿಕ್ಕಿನ ಜೊತೆಗೆ ಕಟ್ಟುವಿಕೆಯೂ ಬದಲಾಯಿತು ಎಂಬುದನ್ನು ನಾವು ಅಷ್ಟಾಗಿ ಗಮನಿಸಲಿಲ್ಲ. 1962ರ ಹೊತ್ತಿಗೆ ಸೇರು ಹೋಗಿ ಕಿಲೋಗ್ರಾಮ್ ಬಂದಿತ್ತು. 1977ರ ನಿಯಮಗಳು ಕಟ್ಟಿದ ಪೊಟ್ಟಣದ ಮೇಲೆ ತೂಕ, ಬೆಲೆ, ಕಟ್ಟಿದವರ ಹೆಸರು ಅಚ್ಚಾಗಿರಬೇಕೆಂದು ವಿಧಿಸಿದುವು. ಗ್ರಾಹಕನಿಗೆ ಇದು ದೊಡ್ಡ ರಕ್ಷಣೆ. ಆದರೆ ಪೊಟ್ಟಣವನ್ನು ಈಗ ಕಟ್ಟುವವರು ನಮ್ಮ ಮುಖ ಕಾಣದ ಯಾವುದೋ ಕಾರ್ಖಾನೆಯವರು. ಲಾರಿಯಲ್ಲಿ ಅಡಕವಾಗಿ ಕೂರಬೇಕು, ಅಂಗಡಿಯ ಹಲಗೆಯ ಮೇಲೆ ಚೆನ್ನಾಗಿ ಕಾಣಬೇಕು, ಇವೆರಡೇ ಅವರ ಮುಂದಿರುವ ಪ್ರಶ್ನೆಗಳು. ಕಾಲುಸಂಕ ಅವರಿಗೆ ಗೊತ್ತಿಲ್ಲ. ಇದಕ್ಕೆ ಒಂದು ನಿದರ್ಶನ ಸಾಕು. 2022ರ ಜುಲೈ 18ರಿಂದ 25 ಕಿಲೋ ಮತ್ತು ಅದಕ್ಕಿಂತ ಕಡಿಮೆಯ ಅಕ್ಕಿಯ ಪೊಟ್ಟಣಗಳಿಗೆ ಶೇಕಡಾ 5ರ ತೆರಿಗೆ ಬಂತು. ಕೂಡಲೇ ಮಾರುಕಟ್ಟೆಯಲ್ಲಿ 26 ಕಿಲೋದ ಚೀಲಗಳು ಕಾಣಿಸಿಕೊಂಡುವು. ಒಂದು ಕಿಲೋ ಹೆಚ್ಚಿಸಿದವರು ತೆರಿಗೆಯನ್ನು ಲೆಕ್ಕ ಹಾಕಿದರು. ಆ ಒಂದು ಕಿಲೋವನ್ನು ಗುಡ್ಡ ಹತ್ತಿಸಬೇಕಾದ ಬೆನ್ನನ್ನು ಲೆಕ್ಕ ಹಾಕಲಿಲ್ಲ.

ಹೊರಗಿನ ಪ್ರಪಂಚದಲ್ಲಿಯೂ ಕತೆ ಹೆಚ್ಚು ಬೇರೆಯಾಗಿಲ್ಲ. ಅಮೆರಿಕದ ಓಕ್ಲಹೋಮಾ ನಗರದಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ವರ್ತಕ 1937ರಲ್ಲಿ ಅಂಗಡಿಯೊಳಗೆ ತಳ್ಳುವ ಗಾಲಿಬುಟ್ಟಿಯನ್ನು ತಂದ. ಕೈಬುಟ್ಟಿ ಭಾರವಾದೊಡನೆ ಗಿರಾಕಿಗಳು ಕೊಳ್ಳುವುದನ್ನು ನಿಲ್ಲಿಸುತ್ತಾರೆಂಬುದನ್ನು ಅವನು ಕಂಡುಕೊಂಡಿದ್ದ. ಎಂಥ ಸೂಕ್ಷ್ಮ ದೃಷ್ಟಿ! ತೋಳಿನ ನೋವು ಮನುಷ್ಯನಿಗೆ “ಸಾಕು” ಎಂದು ಹೇಳುತ್ತಿತ್ತು. ಗಾಲಿ ಬಂದು ಆ ಮಾತನ್ನು ಅಡಗಿಸಿತು. ಗಾಲಿಯ ಸೇವೆ ಅಂಗಡಿಯ ಆವರಣದೊಳಗೆ ಮಾತ್ರ. ಕಾರಿದ್ದವರಿಗೆ ಅಷ್ಟು ಸಾಕಾಯಿತು. ಇಲ್ಲದವರಿಗೆ ಹೊರೆ ಇಮ್ಮಡಿಯಾಯಿತು. ಇಂದು ನಮ್ಮ ಪೇಟೆಗಳ ದೊಡ್ಡ ಮಳಿಗೆಗಳಲ್ಲಿಯೂ ಗಾಲಿಬುಟ್ಟಿ ತಳ್ಳಿಕೊಂಡು ಹೋಗಿ, ಹೊರಗೆ ಬಂದ ಮೇಲೆ ಬಸ್ಸಿಗಾಗಿ ನಾಲ್ಕು ಚೀಲಗಳೊಡನೆ ನಿಂತವರನ್ನು ಕಾಣುತ್ತೇವೆ.

ಇನ್ನು ತೊಟ್ಟೆಯ ವಿಚಾರ. ಪ್ಲಾಸ್ಟಿಕ್ ಚೀಲಕ್ಕೆ ನಮ್ಮ ಜಿಲ್ಲೆಯಲ್ಲಿ ಅದೇ ಹೆಸರು. ಹಿಡಿಕೆಯಿರುವ ಈಗಿನ ರೂಪವನ್ನು ಕಲ್ಪಿಸಿದವನು ಸ್ವೀಡನ್ನಿನ ಸ್ಟೆನ್ ಗುಸ್ಟಾಫ್ ಥುಲಿನ್. 1965ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು. ಮಳೆಯ ಸೀಮೆಗೆ ಅದು ವರವಾಗಿ ಬಂತೆಂಬುದನ್ನು ಮರೆಯುವಂತಿಲ್ಲ. ಹಾಳೆಯ ಪೊಟ್ಟಣ ನೆನೆದು ಬಾಯಿಬಿಟ್ಟು ಸಕ್ಕರೆ ಗದ್ದೆಯ ಪಾಲಾಗುವುದನ್ನು ಕಂಡವರು ತೊಟ್ಟೆಯನ್ನು ಕೈಮುಗಿದು ಬರಮಾಡಿಕೊಂಡರು. ಆಮೇಲೆ ಅದು ತೋಡಿನಲ್ಲಿ ತೇಲಿತು, ದನದ ಹೊಟ್ಟೆ ಸೇರಿತು, ಬಚ್ಚಲ ಒಲೆಯಲ್ಲಿ ಉರಿದು ಮನೆಯವರ ಉಸಿರಿಗೆ ಬೆರೆಯಿತು. ನೆರೆಯಿಂದ ನೊಂದ ಬಾಂಗ್ಲಾದೇಶ, ಚರಂಡಿಗಳನ್ನು ಕಟ್ಟಿಹಾಕಿದ ತೆಳು ಚೀಲಗಳನ್ನು 2002ರಲ್ಲೇ ನಿಷೇಧಿಸಿತು. ಕರ್ನಾಟಕ ಸರ್ಕಾರದ ನಿಷೇಧ 2016ರ ಮಾರ್ಚ್ 11ರಂದು ಹೊರಟಿತು. 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳುವಾದ ಚೀಲ ದೇಶದಲ್ಲೆಲ್ಲೂ ಸಲ್ಲದು. ಹೀಗಿದ್ದೂ ತೊಟ್ಟೆ ಮಾಯವಾಗಿಲ್ಲ. ಏಕೆಂದರೆ ಕಾನೂನು ತೊಟ್ಟೆಯನ್ನು ಕಸಿದುಕೊಂಡಿತು. ಕಟ್ಟುವ ಕೈಯನ್ನು ಮರಳಿ ಕೊಡಲಿಲ್ಲ. ನೂಲಿನ ಉಂಡೆಯೂ ಎಲೆಯೂ ನಾರೂ ಹೋದ ಮೇಲೆ ಬರಿಗೈಯಲ್ಲಿ ಬಂದ ಗಿರಾಕಿಗೆ ಅಂಗಡಿಯವರು ಬೇರೇನು ಕೊಟ್ಟಾರು?

ಗೋಣಿ ಎಂಬ ನಮ್ಮ ಹಳೆಯ ಮಾತು ಕಡಲು ದಾಟಿ ಇಂಗ್ಲಿಷ್ ಭಾಷೆಯಲ್ಲಿ ಗನ್ನಿ ಆಯಿತು. ಲೋಕಕ್ಕೆ ಚೀಲದ ಹೆಸರನ್ನೇ ಕೊಟ್ಟ ನಾಡಿನವರು ಇಂದು ಚೀಲವಿಲ್ಲದೆ ಅಂಗಡಿಗೆ ಹೋಗುವುದು ವಿಚಿತ್ರವಲ್ಲವೆ? ನನ್ನ ತಾಯಿ ಹಳೆಯ ಪ್ಯಾಂಟಿನ ಬಟ್ಟೆಯಿಂದ ಹೊಲಿದ ಚೀಲವೊಂದು ನಮ್ಮಲ್ಲಿ ಬಹುಕಾಲವಿತ್ತು. ಅದರ ಹಿಡಿಕೆ ಅಗಲವಾಗಿತ್ತು, ಬೆರಳು ಕೊಯ್ಯುತ್ತಿರಲಿಲ್ಲ. ಅದನ್ನು ಹೊಲಿದವಳೇ ಹೊರುವವಳೂ ಆಗಿದ್ದಳು. ತೊಟ್ಟೆಯ ಹಿಡಿಕೆ ಬೆರಳಿನ ಮೇಲೆ ಮೂಡಿಸುವ ಕೆಂಪು ಗೆರೆಯನ್ನು ನೋಡಿದಾಗಲೆಲ್ಲ ನನಗೆ ಆ ವ್ಯತ್ಯಾಸ ನೆನಪಾಗುತ್ತದೆ.

ಈಗ ಹೊರುವವರು ಯಾರು? ಇಂದಿನ ಮುಖ್ಯ ಪ್ರಶ್ನೆ ಇದೇ. ನಮ್ಮ ಎಷ್ಟೋ ಮನೆಗಳಲ್ಲಿ ಉಳಿದಿರುವವರು ಇಬ್ಬರೇ ಮುದುಕರು. ಕೆಲವು ಮನೆಗಳಲ್ಲಿ ಒಬ್ಬರೇ. ಮಗ ಹೊರನಾಡಿನಿಂದ ಹಣ ಕಳಿಸುತ್ತಾನೆ, ಹಣಕ್ಕೆ ಕೊರತೆಯಿಲ್ಲ. ಆದರೆ ಹಣ ಹುಣಿಯ ಮೇಲೆ ನಡೆದು ಬರುವುದಿಲ್ಲ. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಒಳ್ಳೆಯ ಕೆಲಸ. ಬಸ್ಸು ಇಳಿಸುವುದು ಮಾತ್ರ ರಸ್ತೆಯ ಬದಿಗೆ. ಕಷ್ಟವಿರುವುದು ಅಲ್ಲಿಂದ ಮುಂದಿನ ದಾರಿಯಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ, ಗಂಡಾಳೊಬ್ಬ ಹೊರುವ ಭಾರ 55 ಕಿಲೋ ಮೀರಬಾರದು, ಹೆಣ್ಣಾಳಿಗೆ ಅದಕ್ಕಿಂತ ಎಷ್ಟೋ ಕಡಿಮೆ ಇರಬೇಕು ಎಂದು ಶಿಫಾರಸು ಮಾಡಿತು. ಕೂಲಿಗಾಗಿ ಹೊರುವವರಿಗೆ ಹೀಗೆ ಒಂದು ಮಿತಿಯ ಮಾತಾದರೂ ಇದೆ. ಸ್ವಂತ ಮನೆಗೆ ಹೊರುವ ಅರುವತ್ತೈದರ ಹೆಂಗಸಿಗೆ ಯಾವ ಮಿತಿಯೂ ಇಲ್ಲ. ಅದು ಕೆಲಸವೆಂದೇ ಎಣಿಕೆಯಾಗಿಲ್ಲ.

ಇಲ್ಲಿ ಒಂದು ವರ್ಗದವರನ್ನು ನೆನೆಯದಿದ್ದರೆ ಕೃತಘ್ನತೆಯಾದೀತು. ನಮ್ಮ ರಿಕ್ಷಾದವರು. ಅಜ್ಜಿಯೊಬ್ಬರು ಅಂಗಡಿಗೆ ಫೋನಿನಲ್ಲಿ ಪಟ್ಟಿ ಹೇಳುತ್ತಾರೆ. ಅಂಗಡಿಯವರು ಕಟ್ಟಿ ಇಡುತ್ತಾರೆ. ರಿಕ್ಷಾದವರು ಆ ಕಡೆಗೆ ಬಾಡಿಗೆ ಸಿಕ್ಕಾಗ ತೆಗೆದುಕೊಂಡು ಹೋಗುತ್ತಾರೆ. ಗಾಡಿ ಹೋಗುವಲ್ಲಿಯವರೆಗೆ ಹೋಗಿ, ಅಲ್ಲಿಂದ ಹೆಗಲ ಮೇಲೆ ಹೊತ್ತು, ಜಗಲಿಯಲ್ಲಿ ಇಳಿಸಿ, “ಅಜ್ಜಿ, ಮದ್ದು ಇದರಲ್ಲೇ ಉಂಟು, ನೋಡಿಕೊಳ್ಳಿ” ಎಂದು ಹೇಳಿ ಮರಳುತ್ತಾರೆ. ಪೇಟೆಗಳಲ್ಲಿ ದೊಡ್ಡ ಕಂಪೆನಿಗಳು ಬಂಡವಾಳ ಹೂಡಿ ಮಾಡುವ ಕೆಲಸವನ್ನು ಇವರು ಪರಿಚಯದ ಬಲದಿಂದ ಮಾಡುತ್ತಿದ್ದಾರೆ. “ಯಾರು ಹೊರುವುದು” ಎಂಬ ಹಳೆಯ ಪ್ರಶ್ನೆ ನಮ್ಮ ಊರುಗಳಲ್ಲಿ ಪೂರ್ತಿಯಾಗಿ ಸತ್ತಿಲ್ಲ ಎನ್ನುವುದಕ್ಕೆ ಇವರೇ ಸಾಕ್ಷಿ.

ತಮಿಳುನಾಡಿನ ಹಳೆಯ ದಾರಿಗಳಲ್ಲಿ ಸುಮೈತಾಂಗಿ ಎಂಬ ಕಲ್ಲುಗಳಿವೆ; ಕೇರಳದಲ್ಲಿ ಅವನ್ನು ಅತ್ತಾಣಿ ಎನ್ನುತ್ತಾರೆ. ಎರಡು ಕಲ್ಲುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಒಂದು ಕಲ್ಲನ್ನು ಅಡ್ಡ ಇಟ್ಟಿರುತ್ತಾರೆ. ತಲೆಹೊರೆಯ ಎತ್ತರಕ್ಕೆ ಸರಿಯಾಗಿರುವುದರಿಂದ ದಾರಿಹೋಕನು ಇನ್ನೊಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲೆ ಜಾರಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಬಹುದು. ತಮಿಳುನಾಡಿನಲ್ಲಿ, ಬಸಿರಿನಲ್ಲೇ ತೀರಿಹೋದ ಹೆಣ್ಣುಮಗಳ ನೆನಪಿಗೆ ಇಂಥ ಕಲ್ಲನ್ನು ನಿಲ್ಲಿಸುವ ಪದ್ಧತಿಯಿತ್ತು. ತನ್ನ ಹೊರೆಯನ್ನು ಇಳಿಸಲಾರದೆ ಹೋದವಳ ಹೆಸರಿನಲ್ಲಿ ಇನ್ನೊಬ್ಬರ ಹೊರೆ ಇಳಿಯಲಿ ಎಂಬುದು ಅದರ ಹಿಂದಿನ ಭಾವ. ಹೊರುವವರ ದಣಿವನ್ನು ಇಷ್ಟು ಆಳವಾಗಿ ನೆನೆದ ಸ್ಮಾರಕ ಬೇರೊಂದು ಉಂಟೋ, ನಾನರಿಯೆ.

ನಾವು ಈಗ ಕಲ್ಲು ನಿಲ್ಲಿಸಬೇಕಾಗಿಲ್ಲ. ಬಸ್ಸು ನಿಲ್ಲುವಲ್ಲಿ ಸೊಂಟದ ಎತ್ತರಕ್ಕೆ ಒಂದು ಕಟ್ಟೆ ಕಟ್ಟಿದರೆ ಪಂಚಾಯತಿಗೆ ದೊಡ್ಡ ಖರ್ಚಲ್ಲ. ಅದರ ಮೇಲೆ ಚೀಲ ಇಟ್ಟವರಿಗೆ ಬಗ್ಗಿ ಎತ್ತುವ ಕಷ್ಟ ತಪ್ಪುತ್ತದೆ. ಅಂಗಡಿಯವರು ಅಕ್ಕಿಯನ್ನು ಐದು ಐದು ಕಿಲೋದ ಬಟ್ಟೆಚೀಲಗಳಲ್ಲಿ ಕಟ್ಟಿ, ಖಾಲಿ ಚೀಲ ಮರಳಿ ತಂದವರಿಗೆ ಎರಡು ರೂಪಾಯಿ ಬಿಟ್ಟುಕೊಟ್ಟರೆ ನಷ್ಟವಾಗದು. ಮನೆಯಲ್ಲಿ ಬೀಡಿ ಕಟ್ಟುವ, ಹೊಲಿಗೆ ಬಲ್ಲ ಹೆಂಗಸರು ಅಗಲ ಹಿಡಿಕೆಯ ಚೀಲ ಹೊಲಿದರೆ ನಾಲ್ಕು ಕಾಸು ಅವರ ಕೈಗೂ ಬಂದೀತು. ಗಂಡಸರು ಹೊರೆಯನ್ನು ಹೆಂಗಸರ ಕೈಯಲ್ಲಿ ಬಿಟ್ಟು ಮೊಬೈಲು ನೋಡುತ್ತ ಮುಂದೆ ನಡೆಯುವುದನ್ನು ನಿಲ್ಲಿಸುವುದಕ್ಕಂತೂ ಯಾವ ಯೋಜನೆಯೂ ಬೇಕಾಗಿಲ್ಲ. ಧಣಿಗಳ ಕಾಲ ಮುಗಿಯಿತೆಂದು ಹೇಳಿಕೊಳ್ಳುವ ನಾವು, ನಮ್ಮ ಮನೆಯ ದಾರಿಯಲ್ಲಿಯೂ ಅದು ಮುಗಿದಿದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಮುಂದಿನ ಸಲ ಸಾಮಾನಿನ ಪಟ್ಟಿ ಬರೆಯುವಾಗ, ಉಪ್ಪು, ಬೆಲ್ಲ, ಬೇಳೆ ಎಂದು ಬರೆದ ಮೇಲೆ ಕೊನೆಯಲ್ಲಿ ಇನ್ನೊಂದು ಸಾಲನ್ನು ಸೇರಿಸಿ: ಹೊರುವವರು ಯಾರು? ಆ ಹೆಸರನ್ನು ಬರೆದ ಬಳಿಕ ಪಟ್ಟಿಯನ್ನು ಮತ್ತೊಮ್ಮೆ ಓದಿ. ಕೆಲವು ಸಾಮಾನು ನಾಳೆಗೆ ಉಳಿಯಬಹುದು. ಕೆಲವು ಹೊರೆಗಳನ್ನು ಇಬ್ಬರು ಹಂಚಿಕೊಳ್ಳಬಹುದು.